ವರ್ಷಕ್ಕೆ ಸಾಲುವ ಹಣ ಜೂನ್ ತಿಂಗಳಿಗೆ ಏಕೆ ಸಾಲುವುದಿಲ್ಲ?
ಮನೆಖರ್ಚಿನ ಮುಂಗಡ ಲೆಕ್ಕ: ಸ್ವಸಹಾಯ ಸಂಘಗಳ ವಾರದ ಸಭೆಯಲ್ಲಿ ಓದಿ ಚರ್ಚಿಸಬೇಕಾದ ಪಾಠ

ಸಂಘದ ಲೆಕ್ಕವನ್ನು ನಮ್ಮ ಸದಸ್ಯರು ತಪ್ಪದೆ ಬರೆಯುತ್ತಾರೆ. ಉಳಿತಾಯ, ಆಂತರಿಕ ಸಾಲ, ಮರುಪಾವತಿ ಎಲ್ಲವೂ ಪುಸ್ತಕದಲ್ಲಿ ದಾಖಲಾಗುತ್ತವೆ. ಪುಸ್ತಕ ನಿರ್ವಹಣೆಯು ಪಂಚಸೂತ್ರಗಳಲ್ಲಿಯೇ ಒಂದು. ಆದರೆ ಅದೇ ಸದಸ್ಯರ ಮನೆಯ ಲೆಕ್ಕವು ಬಹುಪಾಲು ನೆನಪಿನಲ್ಲಿಯೇ ಉಳಿಯುತ್ತದೆ. ಜೂನ್ ತಿಂಗಳಲ್ಲಿ ಆಂತರಿಕ ಸಾಲದ ಬೇಡಿಕೆ ಒಮ್ಮೆಲೇ ಏರುವುದನ್ನು, ಸಂಘದಲ್ಲಿ ಹಣ ಸಾಲದವರು ಊರಿನ ಲೇವಾದೇವಿದಾರರ ಬಳಿ ಹೋಗುವುದನ್ನು ಮುಖ್ಯ ಪುಸ್ತಕ ಬರಹಗಾರರು ಬಲ್ಲರು. ಇದಕ್ಕೆ ಆದಾಯದ ಕೊರತೆಯೊಂದೇ ಕಾರಣವೇ ಎಂಬುದನ್ನು ಒಂದು ಮಾದರಿ ಲೆಕ್ಕದಿಂದ ಪರಿಶೀಲಿಸೋಣ. ಲೆಕ್ಕವು ಕಲಿಕೆಗಾಗಿ ಮಾಡಿಕೊಂಡದ್ದು; ಯಾವುದೇ ನಿರ್ದಿಷ್ಟ ಕುಟುಂಬದ್ದಲ್ಲ.

ಗಂಡ, ಹೆಂಡತಿ, ಅತ್ತೆ, ಪಿಯುಸಿ ಸೇರುವ ಮಗ, ಏಳನೆಯ ತರಗತಿಯ ಮಗಳು, ಹೀಗೆ ಐದು ಜನರ ಮನೆ. ಎರಡು ಎಕರೆ ಒಣಬೇಸಾಯದ ಹೊಲ, ಒಂದು ಹಸು. ಊಟದ ಜೋಳ ಹೊಲದಲ್ಲಿಯೇ ಬೆಳೆಯುತ್ತದೆ, ಅಕ್ಕಿ ಪಡಿತರದಲ್ಲಿ ದೊರೆಯುತ್ತದೆ. ಬೀಜ, ಗೊಬ್ಬರ, ರಾಶಿಯ ಖರ್ಚು ಕಳೆದು ತೊಗರಿಯಿಂದ ಜನವರಿಯಲ್ಲಿ 30,000 ರೂಪಾಯಿ ಉಳಿಯುತ್ತದೆ. ಹಿಂಡಿ, ಮೇವಿನ ಖರ್ಚು ಕಳೆದು ಹಾಲಿನಿಂದ ಎಂಟು ತಿಂಗಳು ತಲಾ 2,500ರಂತೆ 20,000 ರೂಪಾಯಿ. ಇಬ್ಬರ ಕೂಲಿ ವರ್ಷಕ್ಕೆ 60,000. ಗೃಹಲಕ್ಷ್ಮಿ ಯೋಜನೆಯಿಂದ ತಿಂಗಳಿಗೆ 2,000ರಂತೆ 24,000. ಒಟ್ಟು 1,34,000 ರೂಪಾಯಿ.

ತಿಂಗಳ ಖರ್ಚು ಹೀಗಿದೆ: ದಿನಸಿ 3,200, ತರಕಾರಿ ಮತ್ತು ಮೊಟ್ಟೆ 900, ಅಡುಗೆ ಅನಿಲ 450, ಮೊಬೈಲ್ ರೀಚಾರ್ಜ್ 500, ಪ್ರಯಾಣ 500, ಅತ್ತೆಯವರ ಔಷಧ 600, ಸೋಪು ಮೊದಲಾದವು 400, ಮಕ್ಕಳ ಕೈಖರ್ಚು 400, ಸಂಘದ ಉಳಿತಾಯ ಹಾಗೂ ಸಾಲದ ಕಂತು 1,200. ಒಟ್ಟು 8,150, ವರ್ಷಕ್ಕೆ 97,800 ರೂಪಾಯಿ.

ಸಾಮಾನ್ಯವಾಗಿ ಮನೆಯ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ತಿಂಗಳ ಖರ್ಚು ಎಷ್ಟು ಎಂದು ಕೇಳಿದರೆ ಎಲ್ಲರೂ ಈ ಪಟ್ಟಿಯನ್ನೇ ಹೇಳುತ್ತಾರೆ. ವರ್ಷಕ್ಕೊಮ್ಮೆ ಬರುವ ಖರ್ಚು ಯಾರ ತಿಂಗಳ ಪಟ್ಟಿಯಲ್ಲಿಯೂ ಇರುವುದಿಲ್ಲ. ಪಠ್ಯಪುಸ್ತಕ, ಸಮವಸ್ತ್ರ ಶಾಲೆಯಿಂದ ದೊರೆತರೂ ನೋಟ್‌ಬುಕ್, ಚೀಲ, ಮಗನ ಪ್ರವೇಶ ಶುಲ್ಕ ಸೇರಿ ಜೂನ್‌ನಲ್ಲಿ 7,000. ಮಳೆಗಾಲಕ್ಕೆ ಮುನ್ನ ಮನೆಯ ಮಾಳಿಗೆ ದುರಸ್ತಿಗೆ 4,000. ಯುಗಾದಿ, ಪಂಚಮಿ, ದಸರಾ, ದೀಪಾವಳಿ, ಊರ ಜಾತ್ರೆಗೆ ಒಟ್ಟು 14,000. ಬಂಧುಗಳ ಮದುವೆಯ ಮುಯ್ಯಿ 5,000. ಗ್ರಾಮ ಪಂಚಾಯತಿಗೆ ಪಾವತಿಸುವ ಮನೆ ಕಂದಾಯ ಮತ್ತು ನೀರಿನ ಕರ 1,200. ಇಬ್ಬರ ವಿಮೆಗೆ 912. ಇವೆಲ್ಲ ಸೇರಿ 32,112 ರೂಪಾಯಿ.

ಎರಡನ್ನೂ ಕೂಡಿಸಿ ಆದಾಯದಿಂದ ಕಳೆದರೆ 4,088 ರೂಪಾಯಿ ಉಳಿಯಬೇಕು. ಅಂದರೆ ಈ ಮನೆ ಬಡತನದಲ್ಲಿದ್ದರೂ ವರ್ಷದ ಲೆಕ್ಕದಲ್ಲಿ ಕೊರತೆಯಿಲ್ಲ. ಆದರೂ ಪ್ರತಿ ಜೂನ್‌ನಲ್ಲಿ 10,000 ರೂಪಾಯಿ ಕೈಸಾಲ ಮಾಡುತ್ತದೆ. ಮೇ ತಿಂಗಳಲ್ಲಿ ಹಸುವಿನ ಹಾಲು ಬತ್ತಿರುತ್ತದೆ, ಹೊಲದಲ್ಲಿ ಕೂಲಿಯಿಲ್ಲ, ಜನವರಿಯ ತೊಗರಿ ಹಣ ಯುಗಾದಿಯ ಹೊತ್ತಿಗೆ ಕರಗಿರುತ್ತದೆ. ಆ ಹಣ ದುಂದಾಯಿತೆಂದು ಹೇಳಲಾಗದು. ಕೈಯಲ್ಲಿ ಹಣವಿರುವಾಗ ಬಂದ ಅಗತ್ಯಗಳಿಗೆ ಅದು ಹೋಯಿತು; ಜೂನ್‌ನ ಅಗತ್ಯ ಆಗ ಕಣ್ಣೆದುರು ಇರಲಿಲ್ಲ, ಅಷ್ಟೆ.

ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂಬುದು ಕೇಳಲು ಹಗುರ. ಅದು ವರ್ಷಕ್ಕೆ ಶೇ 36. ಜೂನ್‌ನಲ್ಲಿ ಪಡೆದ 10,000 ರೂಪಾಯಿಯನ್ನು ಏಳು ತಿಂಗಳ ನಂತರ ತೊಗರಿ ಮಾರಿ ತೀರಿಸಿದರೆ ಬಡ್ಡಿಯೇ 2,100 ರೂಪಾಯಿ. ಸಂಘದಲ್ಲಿ ನೂರಕ್ಕೆ ಒಂದು ರೂಪಾಯಿಯಂತೆ ಪಡೆದಿದ್ದರೆ 700 ರೂಪಾಯಿ ಮಾತ್ರ. ಜನವರಿಯಲ್ಲಿಯೇ ತೆಗೆದಿಟ್ಟಿದ್ದರೆ ಏನೂ ಇಲ್ಲ.

ಆದುದರಿಂದ ಮುಂಗಡ ಲೆಕ್ಕವನ್ನು ತಿಂಗಳಿಗೊಂದರಂತೆ ಮಾಡದೆ ಹನ್ನೆರಡು ತಿಂಗಳಿಗೆ ಒಟ್ಟಿಗೆ ಮಾಡತಕ್ಕದ್ದು. ಒಂದು ಹಾಳೆಯಲ್ಲಿ ಯುಗಾದಿಯಿಂದ ಯುಗಾದಿಯವರೆಗೆ ಹನ್ನೆರಡು ಮನೆಗಳನ್ನು ಗೆರೆ ಎಳೆದು, ಯಾವ ತಿಂಗಳು ಹಣ ಬರುತ್ತದೆ, ಯಾವ ತಿಂಗಳು ದೊಡ್ಡ ಖರ್ಚು ಬೀಳುತ್ತದೆ ಎಂಬುದನ್ನು ಬರೆಯಬೇಕು. ಹಣ ಬಾರದೆ ಖರ್ಚು ಮಾತ್ರ ಇರುವ ತಿಂಗಳುಗಳನ್ನು ಮೊದಲು ಗುರುತಿಸಬೇಕು. ನಮ್ಮ ಮಾದರಿ ಮನೆಯಲ್ಲಿ ಮೇ ಮತ್ತು ಜೂನ್ ಅಂತಹವು. ಶಾಲೆ, ಮಾಳಿಗೆ, ವಿಮೆ ಮೂರಕ್ಕೆ 11,912 ರೂಪಾಯಿ ಬೇಕು. ತೊಗರಿ ಮಾರಿದ ವಾರದಲ್ಲಿಯೇ 12,000 ರೂಪಾಯಿಯನ್ನು ಬ್ಯಾಂಕ್ ಅಥವಾ ಅಂಚೆ ಕಚೇರಿಯ ಖಾತೆಗೆ ಕಟ್ಟುವುದು ಸೂಕ್ತ. ಮನೆಯಲ್ಲಿಟ್ಟ ಹಣಕ್ಕೆ ಕೇಳುವವರು ಬಹಳ.

ಬರೆಯುವಾಗ ಕೆಲವು ಎಚ್ಚರಿಕೆಗಳು ಅಗತ್ಯ. ಕಿರಾಣಿ ಅಂಗಡಿಯ ಉದ್ದರಿಯನ್ನು ಸಾಮಾನು ತಂದ ದಿನವೇ ಬರೆಯಬೇಕು, ಹಣ ಕೊಟ್ಟ ದಿನವಲ್ಲ. ಖಾತೆಗೆ ಇನ್ನೂ ಜಮೆಯಾಗದ ಹಣವನ್ನು ಆದಾಯವೆಂದು ಬರೆಯಬಾರದು. ಫೋನಿನಿಂದ ಪಾವತಿಸಿದ ಸಣ್ಣ ಮೊತ್ತಗಳು ಮರೆತುಹೋಗುತ್ತವೆ. ವಾರಕ್ಕೊಮ್ಮೆ ಫೋನಿನ ಪಾವತಿ ಪಟ್ಟಿ ತೆರೆದು ನೋಡಿ ಪುಸ್ತಕಕ್ಕೆ ಇಳಿಸಬೇಕು. ಬೀಜ, ಗೊಬ್ಬರಕ್ಕೆ ಇಟ್ಟ ಹಣವನ್ನು ಮನೆಯ ಹಣದೊಡನೆ ಬೆರೆಸಲೇಬಾರದು. ಬೆರೆತರೆ ಬಿತ್ತನೆಯ ಹೊತ್ತಿಗೆ ಎರಡನೆಯ ಸಾಲ ತಪ್ಪಿದ್ದಲ್ಲ.

ಈಗ ಪಟ್ಟಿಯನ್ನು ಮತ್ತೊಮ್ಮೆ ನೋಡಿ. ಅದರಲ್ಲಿ ಒಂದು ಸಾಲು ಬಿಟ್ಟುಹೋಗಿದೆ. ಚಹಾದಂಗಡಿ, ಗುಟ್ಕಾ, ಬೀಡಿ, ಎಲೆ-ಅಡಿಕೆ ಇವುಗಳ ಖರ್ಚನ್ನು ಯಾರೂ ಬರೆಯಿಸುವುದಿಲ್ಲ. ದಿನಕ್ಕೆ 20 ರೂಪಾಯಿ ಎಂದಿಟ್ಟುಕೊಂಡರೂ ವರ್ಷಕ್ಕೆ 7,300 ರೂಪಾಯಿ. ಇಬ್ಬರು ಮಕ್ಕಳ ಜೂನ್ ತಿಂಗಳ ಖರ್ಚಿಗಿಂತ 300 ರೂಪಾಯಿ ಹೆಚ್ಚು. ಈ ಸಾಲು ಸೇರಿದ ಕೂಡಲೇ 4,088ರ ಉಳಿಕೆ 3,212ರ ಕೊರತೆಯಾಗುತ್ತದೆ. ಬಡ್ಡಿಯೂ ಸೇರಿದರೆ 5,312. ಅಂಗಡಿಯ ಉದ್ದರಿ ಏಕೆ ತೀರುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಈ ವಿಷಯದಲ್ಲಿ ಮನೆಯವರನ್ನು ಆಕ್ಷೇಪಿಸುವುದರಿಂದ ಪ್ರಯೋಜನವಿಲ್ಲ. ಆಕ್ಷೇಪಿಸಿದರೆ ಖರ್ಚು ನಿಲ್ಲದು, ಲೆಕ್ಕ ಹೇಳುವುದು ಮಾತ್ರ ನಿಲ್ಲುತ್ತದೆ. ಮೊದಲ ತಿಂಗಳು ಸುಮ್ಮನೆ ಬರೆಯಿರಿ. ಯಜಮಾನರೂ ಲೆಕ್ಕಕ್ಕೆ ಜೊತೆಯಲ್ಲಿ ಕುಳಿತುಕೊಳ್ಳಲಿ, ಮೊತ್ತವನ್ನು ಅವರೇ ಕೂಡಿಸಲಿ. ಇಪ್ಪತ್ತು ಹತ್ತಾದರೂ 3,650 ರೂಪಾಯಿ ಉಳಿಯುತ್ತದೆ. ಜನವರಿಯಲ್ಲಿ ಹಣ ತೆಗೆದಿಟ್ಟು ಬಡ್ಡಿಯೂ ತಪ್ಪಿದರೆ ಈ ಮನೆಯ ವರ್ಷ 438 ರೂಪಾಯಿ ಉಳಿಕೆಯೊಂದಿಗೆ ಮುಗಿಯುತ್ತದೆ. ಖರ್ಚು ಇಳಿಸಬೇಕಾದಾಗ ಅನೇಕ ಮನೆಗಳಲ್ಲಿ ಮೊದಲು ಕೈಬಿಡುವುದು ಮಕ್ಕಳ ಮೊಟ್ಟೆ, ತರಕಾರಿ ಹಾಗೂ ಹಿರಿಯರ ಮಾತ್ರೆಗಳನ್ನು. ಇದು ಸರಿಯಲ್ಲ. ರಕ್ತದೊತ್ತಡದ ಮಾತ್ರೆ ನಿಲ್ಲಿಸಿ ಉಳಿಸಿದ ಹಣ ಮುಂದೆ ಆಸ್ಪತ್ರೆಯ ಬಿಲ್ಲಿಗೆ ಸಾಲುವುದಿಲ್ಲ.

ವಿಮೆಯ ಬಗ್ಗೆ ಒಂದು ಮಾತು. ಪ್ರಧಾನಮಂತ್ರಿ ಜೀವನ ಜ್ಯೋತಿ ವಿಮೆಗೆ ವರ್ಷಕ್ಕೆ 436 ರೂಪಾಯಿ, ಸುರಕ್ಷಾ ವಿಮೆಗೆ 20 ರೂಪಾಯಿ. ಒಬ್ಬರಿಗೆ 456, ಇಬ್ಬರಿಗೆ 912. ಮೊದಲನೆಯದು ಯಾವುದೇ ಕಾರಣದ ಮರಣಕ್ಕೆ, ಎರಡನೆಯದು ಅಪಘಾತದ ಮರಣಕ್ಕೆ ತಲಾ 2 ಲಕ್ಷ ರೂಪಾಯಿ ನೀಡುತ್ತದೆ. ವಿಮಾ ವರ್ಷ ಜೂನ್ 1ರಿಂದ ಮೇ 31ರವರೆಗೆ. ನವೀಕರಣದ ಕಂತು ಖಾತೆಯಿಂದ ತಾನಾಗಿಯೇ ಕಡಿತವಾಗುವುದರಿಂದ ಮೇ ತಿಂಗಳಲ್ಲಿ ಇಬ್ಬರ ಖಾತೆಯಲ್ಲಿಯೂ ತಲಾ 456 ರೂಪಾಯಿ ಇರಲೇಬೇಕು. ಕೈ ಬರಿದಾಗಿರುವ ತಿಂಗಳಲ್ಲಿಯೇ ಈ ಕಡಿತ ಬರುವುದರಿಂದ ಹಾಳೆಯಲ್ಲಿ ಇದನ್ನು ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ.

ಮುಂದಿನ ಸಭೆಗೆ ಪ್ರತಿ ಸದಸ್ಯರು ತಮ್ಮ ಮನೆಯ ಹನ್ನೆರಡು ತಿಂಗಳ ಹಾಳೆಯನ್ನು ತರಬೇಕು. ಬರೆಯಲು ಬಾರದವರಿಗೆ ಮಕ್ಕಳು ಅಥವಾ ಪುಸ್ತಕ ಬರಹಗಾರರು ನೆರವಾಗುವುದು. ಮೊತ್ತಗಳನ್ನು ಸಭೆಯಲ್ಲಿ ಓದಿ ಹೇಳಬೇಕಾಗಿಲ್ಲ. ಬರಿಗೈಯ ತಿಂಗಳುಗಳು ಯಾವುವು ಎಂಬುದನ್ನು ಮಾತ್ರ ತಿಳಿಸಿದರೆ ಸಾಕು. ಹೆಚ್ಚು ಸದಸ್ಯರಿಗೆ ಒಂದೇ ತಿಂಗಳು ಬಂದಲ್ಲಿ, ಆ ತಿಂಗಳಿಗೆ ಆಂತರಿಕ ಸಾಲದ ಹಣವನ್ನು ಎಷ್ಟು ಕಾಯ್ದಿರಿಸಬೇಕೆಂದು ಸಂಘವು ಅದೇ ಸಭೆಯಲ್ಲಿ ನಿರ್ಣಯಿಸಿ ನಡಾವಳಿ ಪುಸ್ತಕದಲ್ಲಿ ದಾಖಲಿಸತಕ್ಕದ್ದು.