ಮಾತ್ರೆಯ ಜೊತೆಗಾರರು

ನೀನು ಕಳಿಸಿದ ಸ್ಟ್ರಿಪ್ಪಿನ ಫೋಟೊ ನೋಡಿದೆ ಕಣಮ್ಮ. ಟೆಲ್ಮಿಸಾರ್ಟನ್ 40, ದಿನಕ್ಕೊಂದು. ಒಳ್ಳೆಯ ಔಷಧ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂತು ತಲೆ ನರೆಸಿಕೊಂಡವನು ನಾನು. ಈ ಮಾತ್ರೆಯಿಂದಲೇ ಕೆಟ್ಟವರನ್ನು ಕಂಡದ್ದು ಕಡಿಮೆ. ಇದರ ಜೊತೆಗೆ ಯಾರಿಗೂ ಹೇಳದೆ ಇನ್ನೇನನ್ನೋ ನುಂಗಿ ವಾರ್ಡು ಸೇರಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಇಷ್ಟು ಚಿಕ್ಕ ವಯಸ್ಸಿಗೇ ಬಿ.ಪಿ. ಯಾಕೆ ಬಂತು ಅನ್ನುವುದಕ್ಕೆ ನಿನ್ನ ಡಾಕ್ಟರು ಉತ್ತರ ಹುಡುಕಲಿ. ನಾನು ಹೇಳುವುದು ಮಾತ್ರೆಯ ಜೊತೆಗಾರರ ವಿಷಯ.

ಮೊದಲು ನೋವಿನ ಮಾತ್ರೆ. ಬೆನ್ನು ಹಿಡಿಯಿತು, ಹಲ್ಲು ನೋಯಿತು ಅಂದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೇನ್ ತಂದು ನುಂಗುವುದು ನಮ್ಮ ಜನಕ್ಕೆ ಅಭ್ಯಾಸ. ಮುಟ್ಟಿನ ನೋವಿಗೆ ನೀವು ಹೆಣ್ಣುಮಕ್ಕಳು ತೆಗೆದುಕೊಳ್ಳುವ ಮೆಫೆನಾಮಿಕ್ ಆಸಿಡ್ ಕೂಡ ಇದೇ ಜಾತಿಯದು. ಇವು ಮೈಯಲ್ಲಿ ಉಪ್ಪು, ನೀರು ಹಿಡಿದಿಟ್ಟು ಬಿ.ಪಿ. ಏರಿಸುತ್ತವೆ. ಅದಕ್ಕಿಂತ ದೊಡ್ಡ ತಂಟೆ ಮೂತ್ರಪಿಂಡದಲ್ಲಿ. ಅಲ್ಲಿ ರಕ್ತ ಸೋಸುವ ಜಾಗಕ್ಕೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ನೋವಿನ ಮಾತ್ರೆ ತರುವ ನಾಳವನ್ನು ಬಿಗಿಯುತ್ತದೆ, ನಿನ್ನ ಟೆಲ್ಮಿಸಾರ್ಟನ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಬರುವುದು ಕಡಿಮೆ, ಹೋಗುವುದು ಸಲೀಸು. ಸೋಸುವುದಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಇದರ ಮೇಲೆ ಮೂತ್ರ ಹೆಚ್ಚಿಸುವ ನೀರಿನ ಮಾತ್ರೆಯೂ ಸೇರಿತು ಅಥವಾ ವಾಂತಿ-ಭೇದಿ ಆಗಿ ಮೈ ಒಣಗಿತು ಅನ್ನು, ಮೂತ್ರಪಿಂಡ ಮುಷ್ಕರ ಹೂಡಿಬಿಡುತ್ತದೆ. ಎಂದೋ ಒಂದು ಮಾತ್ರೆ ನುಂಗಿದ್ದಕ್ಕೆ ಆಕಾಶ ಕಳಚಿ ಬೀಳುವುದಿಲ್ಲ, ಹೆದರಬೇಡ. ಆದರೆ ನೋವಿಗೆ ಮೊದಲು ಕೈ ಹೋಗಬೇಕಾದ್ದು ಪ್ಯಾರಾಸಿಟಮಾಲ್ ಕಡೆಗೆ. ಅದಕ್ಕೂ ಜಗ್ಗದಿದ್ದರೆ ಡಾಕ್ಟರನ್ನು ಕೇಳು, ಅಂಗಡಿಯವನನ್ನಲ್ಲ. ವಾಂತಿ-ಭೇದಿ ಜೋರಾದ ದಿನ ಬಿ.ಪಿ. ಮಾತ್ರೆ ತೆಗೆದುಕೊಳ್ಳಬೇಕೋ ಬಿಡಬೇಕೋ ಅಂತ ಫೋನ್ ಮಾಡಿ ವಿಚಾರಿಸು. ಈ ಪ್ರಶ್ನೆಯನ್ನು ಮುಂದಿನ ಭೇಟಿಯಲ್ಲೇ ಕೇಳಿಟ್ಟುಕೊಂಡರೆ ಇನ್ನೂ ಮೇಲು.

ನೆಗಡಿ ಮಾತ್ರೆಯದೂ ಹೀಗೇ. ಕಟ್ಟಿದ ಮೂಗು ಬಿಡಿಸಲು ಅದರಲ್ಲಿ ಫಿನೈಲೆಫ್ರಿನ್ ಹಾಕಿರುತ್ತಾರೆ. ಮೂಗಿನೊಳಗಿನ ರಕ್ತನಾಳವನ್ನು ಬಿಗಿಯುವ ವಸ್ತು ಮೈಯ ಮಿಕ್ಕ ನಾಳಗಳನ್ನು ಸುಮ್ಮನೆ ಬಿಡುತ್ತದೆಯೇ? ಬಿಸಿನೀರಿನ ಹಬೆ ಸಾಕು.

ಇನ್ನು ಕಷಾಯ. ನಿಮ್ಮಮ್ಮ ಕೆಮ್ಮಿಗೆ ಅತಿಮಧುರ ಕುದಿಸಿ ಕೊಡುವುದು ನನಗೆ ಗೊತ್ತು, ನಾನೂ ಕುಡಿದಿದ್ದೇನೆ. ಎರಡು ದಿನ ಕುಡಿದರೆ ಸರಿ. ಗಂಟಲಿಗೆ ಹಿತ ಅಂತ ತಿಂಗಳುಗಟ್ಟಲೆ ಕುಡಿದರೆ ಆ ಬೇರು ಮೈಯಲ್ಲಿ ಉಪ್ಪು ಹಿಡಿದಿಟ್ಟು, ಪೊಟ್ಯಾಸಿಯಮ್ ಕಳೆದು, ಬಿ.ಪಿ. ಏರಿಸುತ್ತದೆ. ಮಾತ್ರೆ ಇಳಿಸಿದ್ದನ್ನು ಕಷಾಯ ಏರಿಸುತ್ತಿದ್ದರೆ ಡಾಕ್ಟರು ಪಾಪ ಏನು ಮಾಡಿಯಾರು, ಡೋಸ್ ಹೆಚ್ಚಿಸುತ್ತಾರೆ. ಬೇರು-ನಾರಿಗೆ ಶಕ್ತಿಯಿಲ್ಲ ಅಂತ ಹೀಗಳೆಯುವವನಲ್ಲ ನಾನು. ಮುಂಬೈಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧದ ಬೇರು ಬಿ.ಪಿ. ಇಳಿಸುವುದನ್ನು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಬರೆದು ತೋರಿಸಿದರು. ಅದೇ ಬೇರಿನಿಂದ ರೆಸರ್ಪಿನ್ ಅನ್ನುವ ಔಷಧ ಬಂತು. ಕೆಲಸ ಮಾಡುವ ಬೇರು ಔಷಧವೇ, ಆದ್ದರಿಂದಲೇ ಹೇಳುತ್ತೇನೆ: ಯಾರಾದರೂ ಬಿ.ಪಿ.ಗೆ ಅಂತ ಚೂರ್ಣ ಕೊಟ್ಟರೆ ಅದರೊಳಗೆ ಏನಿದೆ ಅಂತ ತಿಳಿಯದೆ ಮಾತ್ರೆಯ ಮೇಲೆ ಹಾಕಿಕೊಳ್ಳಬೇಡ.

ನೀನು ಈಗಾಗಲೇ ಸೋಡಿಯಂ ಕಡಿಮೆ ಇರುವ ಉಪ್ಪು ತಂದಿದ್ದೀಯ ಅಂತ ನಿಮ್ಮಮ್ಮ ಹೆಮ್ಮೆಯಿಂದ ಹೇಳಿದಳು. ಅಲ್ಲೊಂದು ತೊಡಕಿದೆ. ಆ ಉಪ್ಪಿನಲ್ಲಿ ಸೋಡಿಯಂ ತೆಗೆದ ಜಾಗಕ್ಕೆ ಪೊಟ್ಯಾಸಿಯಮ್ ಕ್ಲೋರೈಡ್ ಹಾಕಿರುತ್ತಾರೆ. ಬಹಳ ಜನಕ್ಕೆ ಅದು ಒಳ್ಳೆಯದೇ. ನಿನ್ನ ಮಾತ್ರೆಗೆ ಮಾತ್ರ ಪೊಟ್ಯಾಸಿಯಮ್ಮನ್ನು ಮೈಯಲ್ಲೇ ಉಳಿಸಿಕೊಳ್ಳುವ ಗುಣ ಇದೆ. ಎರಡೂ ಸೇರಿ, ಮೂತ್ರಪಿಂಡವೂ ಸ್ವಲ್ಪ ಸೋತಿದ್ದರೆ, ಪೊಟ್ಯಾಸಿಯಮ್ ಏರಿ ಎದೆಬಡಿತವೇ ತಾಳ ತಪ್ಪಬಹುದು. ಮಾತ್ರೆ ಶುರುವಾದ ಕೆಲವು ವಾರಗಳಲ್ಲಿ ಕ್ರಿಯಾಟಿನಿನ್, ಪೊಟ್ಯಾಸಿಯಮ್ ಪರೀಕ್ಷೆ ಮಾಡಿಸಲು ಹೇಳುವುದು ಇದಕ್ಕೇ, ಲ್ಯಾಬಿನವರ ಹೊಟ್ಟೆ ತುಂಬಿಸಲಿಕ್ಕಲ್ಲ. ಅದನ್ನು ತಪ್ಪಿಸಬೇಡ. ಡಾಕ್ಟರು ಹೂಂ ಅನ್ನುವವರೆಗೆ ಆ ಪ್ಯಾಕೆಟ್ ಶೆಲ್ಫಿನಲ್ಲೇ ಇರಲಿ. ಮಾಮೂಲಿ ಉಪ್ಪನ್ನೇ ಕಡಿಮೆ ಮಾಡು. ದಿನಕ್ಕೆ 5 ಗ್ರಾಮಿಗಿಂತ ಕೆಳಗಿರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಟೀ ಚಮಚವೂ ತುಂಬುವುದಿಲ್ಲ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಆ ಲೆಕ್ಕದೊಳಗೇ ಬರಬೇಕು.

ಇದೊಂದು ಮಾತು ದೊಡ್ಡಪ್ಪ ಹೇಳಬೇಕಾದ್ದಲ್ಲ ಅಂತ ನಾಚಿಕೊಳ್ಳುವ ವಯಸ್ಸು ನನ್ನದೂ ಅಲ್ಲ, ನಿನ್ನದೂ ಅಲ್ಲ. ಮಗುವಿನ ಯೋಚನೆ ಇದ್ದರೆ ಮುಂಚಿತವಾಗಿಯೇ ಡಾಕ್ಟರಿಗೆ ಹೇಳು. ಹೆಸರಿನ ಕೊನೆಗೆ ‘ಸಾರ್ಟನ್’ ಅಥವಾ ‘ಪ್ರಿಲ್’ ಅಂತ ಇರುವ ಮಾತ್ರೆಗಳು ಬಸಿರಿನಲ್ಲಿ ಕೂಡದು, ಹೊಟ್ಟೆಯಲ್ಲಿರುವ ಕೂಸಿನ ಮೂತ್ರಪಿಂಡ ಕೆಡುತ್ತದೆ. ಲೆಬೆಟಲಾಲ್, ನಿಫೆಡಿಪಿನ್, ಮಿಥೈಲ್‌ಡೋಪಾ ಅಂತ ಬಸುರಿಯರಿಗೆ ಕೊಡುವ ಬೇರೆ ಔಷಧಗಳಿವೆ, ಬದಲಿಸಿ ಕೊಡುತ್ತಾರೆ. ಯೋಚನೆ ಇಲ್ಲದೆಯೇ ಮುಟ್ಟು ನಿಂತರೆ ಅವತ್ತೇ ಫೋನ್ ಮಾಡು, ಮುಂದಿನ ಅಪಾಯಿಂಟ್‌ಮೆಂಟಿಗೆ ಕಾಯಬೇಡ.

ಬೆಳಿಗ್ಗೆಯೋ ರಾತ್ರಿಯೋ ಅಂತ ಕೇಳಿದ್ದೀಯ. ಬ್ರಿಟನ್ನಿನಲ್ಲಿ 21 ಸಾವಿರಕ್ಕೂ ಹೆಚ್ಚು ಜನರನ್ನು ಇಟ್ಟುಕೊಂಡು ನೋಡಿದ ಒಂದು ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯುಗಳ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸ ಕಾಣಲಿಲ್ಲ. ಡಾಕ್ಟರು ಬೇರೆ ಹೇಳದಿದ್ದರೆ ನಿನಗೆ ಮರೆಯದ ಹೊತ್ತು ಯಾವುದೋ ಅದೇ ಸರಿ. ಮರೆತರೆ ಅದೇ ದಿನ ನೆನಪಾದಾಗ ತೆಗೆದುಕೊ. ಮರುದಿನದ ಹೊತ್ತೇ ಹತ್ತಿರ ಬಂದಿದ್ದರೆ ಬಿಟ್ಟುಬಿಡು, ಜೋಡಿ ನುಂಗಬೇಡ. ಮತ್ತೆ, ವಾರದ ಮಾತ್ರೆ ಜೋಡಿಸಿಡುವ ಡಬ್ಬಿ ಕೊಂಡಿದ್ದೀಯಲ್ಲ, ಅದರಲ್ಲಿ ಟೆಲ್ಮಿಸಾರ್ಟನ್ ಬಿಡಿಸಿ ಹಾಕಬೇಡ. ಗಾಳಿಯ ತೇವ ಹೀರಿಕೊಳ್ಳುವ ಮಾತ್ರೆ ಅದು. ನುಂಗುವ ಹೊತ್ತಿಗೆ ಹಾಳೆಯಿಂದ ಬಿಡಿಸಿಕೊಂಡರೆ ಸಾಕು.

ಅಳತೆ ಸರಿಯಾಗಿ ಬಂತು ಅಂತ ನೀನಾಗಿ ನಿಲ್ಲಿಸುವ ಬುದ್ಧಿವಂತಿಕೆ ಬೇಡ. ಸರಿ ಬಂದದ್ದೇ ಮಾತ್ರೆಯಿಂದ. ಅಳೆಯುವಾಗ ಐದು ನಿಮಿಷ ಸುಮ್ಮನೆ ಬೆನ್ನಾನಿಸಿ ಕೂತು, ಪಾದ ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಲಿ. ತುಟಿ, ನಾಲಿಗೆ, ಮುಖ ಊದಿಕೊಂಡರೆ ಗೂಗಲ್ ನೋಡುತ್ತ ಕೂರದೆ ಆಸ್ಪತ್ರೆಗೆ ಓಡು. ಅದು ಅಪರೂಪ, ಆದರೆ ತಡಮಾಡುವಂಥದ್ದಲ್ಲ.

ಊರಿಗೆ ಬಂದಾಗ ನಿಮ್ಮಪ್ಪನ ಮಾತ್ರೆ ಡಬ್ಬಿಯನ್ನೂ ಒಮ್ಮೆ ಸುರಿದು ನೋಡು. ಹೊರಗಿನ ದೊಡ್ಡ ಅಕ್ಷರದ ಹೆಸರು ಬಿಡು, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರು ಓದು. ದೊಡ್ಡಕ್ಷರದ ಹೆಸರಿನ ಕೊನೆಗೆ ‘ಎಎಂ’ ಇದ್ದರೆ ಸಾಮಾನ್ಯವಾಗಿ ಅಮ್ಲೋಡಿಪಿನ್ ಸೇರಿದೆ, ‘ಎಚ್’ ಇದ್ದರೆ ನೀರಿನ ಮಾತ್ರೆ. ಅವನಿಗೆ ಒಬ್ಬ ಡಾಕ್ಟರು ಬರೆದ ‘ಎಎಂ’ ಒಂದಿದೆ, ಇನ್ನೊಬ್ಬರು ಬರೆದ ಬಿಡಿ ಅಮ್ಲೋಡಿಪಿನ್ನೂ ಇದೆ ಅಂತ ನನಗೆ ಅನುಮಾನ. ಕಾಲಿನ ಹರಡು ಊದಿದೆ. ಅಮ್ಲೋಡಿಪಿನ್ ಹೆಚ್ಚಾದರೆ ಹಾಗೆ ಊದುವುದುಂಟು. ಊತಕ್ಕೆ ಅಂತ ಅಂಗಡಿಯಿಂದ ಇನ್ನೊಂದು ನೀರಿನ ಮಾತ್ರೆ ಬೇರೆ ತಂದುಕೊಂಡಿದ್ದಾನೆ. ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ, ಅವನನ್ನೂ ಕರೆದುಕೊಂಡು ಹೋಗಿ ಡಾಕ್ಟರ ಮೇಜಿನ ಮೇಲೆ ಇಡು. ನಾನು ಹೇಳಿದರೆ ಅಣ್ಣನ ಅಧಿಕಪ್ರಸಂಗ ಅನ್ನುತ್ತಾನೆ. ಮಗಳ ಮಾತು ಕೇಳುತ್ತಾನೆ.