ಕುರಿ ಹಿಂಡಿನ ಹಿಂದೆ ಬರುವ ತಟ್ಟು ಕುದುರೆ

ಭತ್ತದ ಕೊಯ್ಲು ಮುಗಿದ ಮೇಲೆ ಹರಿಹರದ ಸುತ್ತಿನ ನಮ್ಮ ಗದ್ದೆಗಳಿಗೆ ಉತ್ತರದ ಕಡೆಯಿಂದ ಕುರಿ ಹಿಂಡುಗಳು ಬರುತ್ತವೆ. ನಾನೂ ಎರಡು-ಮೂರು ರಾತ್ರಿ ಗದ್ದೆಯಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತೇನೆ. ಹಿಕ್ಕೆ, ಉಚ್ಚೆ ನೇರ ಮಣ್ಣಿಗೆ, ಸಾಗಣೆ ಖರ್ಚಿಲ್ಲ. ಹಿಂಡಿನ ಹಿಂದೆ ಒಂದು ಗಿಡ್ಡ ಕುದುರೆ. ಬೆನ್ನ ಮೇಲೆ ಪಾತ್ರೆ, ಕಂಬಳಿ, ಬಲೆ, ನಡೆಯಲಾರದ ಎಳೆ ಮರಿಗಳು.

ಕಳೆದ ಸಲ ಬಂದ ಕುರಿಗಾಹಿ ಅಜ್ಜನಿಗೆ ನಾನೊಂದು ಸಲಹೆ ಕೊಟ್ಟೆ. “ಮೆರವಣಿಗೆಗೆ ಬಾಡಿಗೆ ಬಿಡೋ ಎತ್ತರದ ಗಂಡು ಕುದುರೆ ಇಲ್ಲೇ ಇದೆ. ನಿಮ್ಮ ಹೆಣ್ಣಿಗೆ ಕೂಡಿಸಿದ್ರೆ ಮರಿಗೆ ಒಳ್ಳೆ ಬೆಲೆ ಬರ್ತದಲ್ಲ ಅಜ್ಜಾ?”

“ಬೆಲಿ ಬರ್ತೈತಿ ಯಜಮಾನ್ರ. ಆದ್ರ ಅದು ನಮ್ಮ ಕೂಡ ನಡಿಯಂಗಿಲ್ಲ. ಅದಕ್ಕ ಕಾಳು ಬೇಕು, ನೆರಳು ಬೇಕು. ಇದಕ್ಕ ಬದುವಿನ ಹುಲ್ಲು ಸಾಕು.”

ಆ ಮಾತೇ ನನ್ನನ್ನು ಓದಲು ಹಚ್ಚಿತು.

ವಿಜಯನಗರದ ಕಾಲದಲ್ಲಿ ಅರಬ್, ಪರ್ಷಿಯಾ ಕುದುರೆಗಳು ಗೋವಾ, ಭಟ್ಕಳದಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. ಬೆಲೆ ದುಬಾರಿ, ಸಾಕಣೆಯೂ ದುಬಾರಿ. ದಖನ್ನಿನ ಒಣನಾಡಿನಲ್ಲಿ ಬಾಳಿದ್ದು ಹೊರಗಿನ ರಕ್ತ ಬೆರೆತ ನಾಡ ತಟ್ಟುಗಳು. ಮರಾಠರ ಸೈನ್ಯದಲ್ಲಿ ಸಿಲೇದಾರ ತನ್ನದೇ ಕುದುರೆ ತರಬೇಕಿತ್ತು. ಅಂಥವನಿಗೆ ಕಡಿಮೆ ಮೇವಿನಲ್ಲಿ ದೂರ ನಡೆಯುವ ಕುದುರೆಯೇ ಆಸ್ತಿ. ಭೀಮಾ ನದಿಯ ದಡದ ತಟ್ಟಿಗೆ ಭೀಮಥಡಿ ಎಂಬ ಹೆಸರು ಬಂತು. 1818ರಲ್ಲಿ ಪೇಶ್ವೆ ಆಡಳಿತ ಮುಗಿದು ಸೈನ್ಯ ಚದುರಿದಾಗ ಅದಕ್ಕಿದ್ದ ದೊಡ್ಡ ಗಿರಾಕಿ ಹೋಯಿತು. ಉಳಿಸಿಕೊಂಡವರು ಧನಗರ ಕುರಿಗಾಹಿಗಳು. ಮಹಾರಾಷ್ಟ್ರದ ಆ ಕುದುರೆಗೆ ಇತ್ತೀಚೆಗೆ ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಸ್ಥೆ ಪ್ರತ್ಯೇಕ ತಳಿಯ ಮಾನ್ಯತೆ ಕೊಟ್ಟಿದೆ. ನಮ್ಮಲ್ಲಿಗೆ ಬರುವ ಗಿಡ್ಡ ಕುದುರೆಗಳನ್ನೆಲ್ಲ ಭೀಮಥಡಿ ಎಂದುಬಿಡುವುದು ತಪ್ಪು. ಆದರೆ ಕೆಲಸ ಅದೇ, ಬದುಕೂ ಅದೇ.

ಹಿಮಾಲಯದ ಸ್ಪಿತಿ, ಝನ್ಸ್ಕಾರಿ ತಟ್ಟುಗಳು ಹೇರು ಹೊತ್ತೇ ಉಳಿದವು. ಮಣಿಪುರಿ ತಟ್ಟು ಪೋಲೋ ಆಟಕ್ಕೆ ಹೆಸರಾದರೂ ಮೇಯುವ ಜೌಗು ನೆಲ ಕಡಿಮೆಯಾದಂತೆ ತಾನೂ ಕಡಿಮೆಯಾಯಿತು. ಕೆಲಸ ಮತ್ತು ಮೇವು, ಎರಡೂ ಇದ್ದರೆ ಮಾತ್ರ ತಳಿ.

ಇದು ನಮ್ಮ ಮನೆಯಲ್ಲೇ ನಡೆದ ಕತೆ. ಅಪ್ಪ ಹರಿಹರ ಸ್ಟೇಷನ್ನಿಗೆ ಜಟಕಾ ಹೊಡೆಯುತ್ತಿದ್ದರು. ಆಟೋ ಬಂದ ಮೇಲೆ ಬಾಡಿಗೆ ಇಳಿಯಿತು, ಹೆಣ್ಣು ಕುದುರೆ ಮಾರಿದರು. ಲಾಯ ಬಳಿಯುವ ಕೆಲಸ ತಪ್ಪಿತೆಂದು ನಾನು ಖುಷಿಪಟ್ಟೆ. ಅದರ ಸಂತಾನ ಇಂದು ಎಲ್ಲೂ ಕಾಣಿಸದು.

ಕಳೆದುಕೊಂಡದ್ದು ಬೇಗ ತುಂಬಿಬರುವುದಿಲ್ಲ. ಕುರಿಗೆ ಗಬ್ಬದ ಅವಧಿ 5 ತಿಂಗಳು. ಕುದುರೆಗೆ ಸುಮಾರು 11. ಈಯುವುದು ಸಾಮಾನ್ಯವಾಗಿ ಒಂದೇ ಮರಿ, ಅದು ಮತ್ತೆ ಗಬ್ಬಕ್ಕೆ ಬರಲು ಮೂರು ವರ್ಷವಾದರೂ ಬೇಕು. ಇರುವ ಕೆಲವೇ ಹೆಣ್ಣುಗಳಿಗೆ ಎತ್ತರದ ಗಂಡು ಕೂಡಿಸುತ್ತ ಹೋದರೆ ಎರಡು-ಮೂರು ತಲೆಮಾರಿನಲ್ಲಿ ಗಿಡ್ಡ ಮೈಕಟ್ಟೇ ಅಳಿಯುತ್ತದೆ.

ಕುದುರೆ ಇರುವವರು ಮಾಡಬಹುದಾದದ್ದು ಇಷ್ಟು. ಕಾಲು, ಗೊರಸು ಗಟ್ಟಿಯಿರುವ, ಸಾಧು ಸ್ವಭಾವದ ನಾಡ ಗಂಡನ್ನೇ ಆರಿಸಿ. ಅಂಥ ಗಂಡುಗಳಿಗೆಲ್ಲ ಬೀಜ ಒಡೆಸಿಬಿಡಬೇಡಿ. ಹತ್ತಿರದ ರಕ್ತಸಂಬಂಧ ತಪ್ಪಿಸಿ. ಕುದುರೆಗೆ ಧನುರ್ವಾಯು ಬಲುಬೇಗ ತಗಲುತ್ತದೆ. ಪಶುವೈದ್ಯರಿಂದ ಲಸಿಕೆ ಹಾಕಿಸಿ.

ಕುದುರೆ ಇಲ್ಲದ ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಕುರಿ ಬರುವ ದಾರಿಗೆ ಬೇಲಿ ಹಾಕದಿರುವುದು, ಕೆರೆಯ ನೀರಿಗೆ ಅಡ್ಡಿ ಮಾಡದಿರುವುದು, ವರ್ಷಕ್ಕೆ ಎರಡು ರಾತ್ರಿಯಾದರೂ ಗದ್ದೆ ಬಿಟ್ಟುಕೊಡುವುದು. ಹಿಂಡು ನಡೆದರೆ ಕುದುರೆಗೆ ಕೆಲಸ, ನಮಗೆ ಗೊಬ್ಬರ.

ಅಜ್ಜ ಹೊರಡುವಾಗ ಅವನ ಕುದುರೆ ಗಬ್ಬದಲ್ಲಿತ್ತು. ಗಂಡು ಅವರದೇ ಬಳಗದ ಗಿಡ್ಡ ಕುದುರೆಯಂತೆ. ಮುಂದಿನ ಸುಗ್ಗಿಗೆ ಮರಿ ನೋಡಲು ಕಾಯುತ್ತಿದ್ದೇನೆ.