ಗುರುಗಳ ಅಧ್ಯಯನಕ್ಕೆ ನಮ್ಮ ಪಾಲು

ಯೇಸುಸ್ವಾಮಿ ಶಿಷ್ಯರೊಂದಿಗೆ ಊರೂರು ತಿರುಗಿ ಬೋಧಿಸುತ್ತಿದ್ದಾಗ ಅವರ ಖರ್ಚುವೆಚ್ಚ ನೋಡಿಕೊಂಡವರು ಯಾರು? ಸಂತ ಲೂಕರ ಶುಭಸಂದೇಶದ ಎಂಟನೆಯ ಅಧ್ಯಾಯದಲ್ಲಿ ಉತ್ತರವಿದೆ. ಮಗ್ದಲದ ಮರಿಯಾ, ಹೆರೋದನ ಅಧಿಕಾರಿಯಾಗಿದ್ದ ಕೂಜನ ಪತ್ನಿ ಯೊವಾನ್ನ, ಸುಸನ್ನ ಮೊದಲಾದ ಸ್ತ್ರೀಯರು ತಮ್ಮ ಸ್ವಂತ ಸೊತ್ತಿನಿಂದ ನೆರವಾಗುತ್ತಿದ್ದರು. ಬೋಧಿಸುವವರಿಗೆ ಆಸರೆಯಾಗುವ ಪದ್ಧತಿ ಧರ್ಮಸಭೆಯಷ್ಟೇ ಹಳೆಯದು.

ಗುರು ವಿದ್ಯಾರ್ಥಿಗಳಿಗೆ ನೆರವಾಗುವುದು ನಮಗೆ ಪರಿಚಿತ. ಹಣದ ಅಭಾವದಿಂದ ಸ್ಥಳೀಯ ಯುವಕರನ್ನು ಸೆಮಿನರಿಗೆ ಸೇರಿಸಿಕೊಳ್ಳಲಾಗದ ಕಷ್ಟವನ್ನು ಜಪಾನಿನ ನಾಗಸಾಕಿಯ ಬಿಷಪರು ತೋಡಿಕೊಂಡಾಗ, ಫ್ರಾನ್ಸಿನ ಸ್ತೆಫನಿ ಬಿಗಾರ್ ಮತ್ತು ಮಗಳು ಜೀನ್ 1889ರಲ್ಲಿ ಪ್ರೇಷಿತ ಸಂತ ಪೇತ್ರರ ಸಂಘವನ್ನು ಆರಂಭಿಸಿದರು. 1922ರಲ್ಲಿ ಅದಕ್ಕೆ ಪೋಪರ ಅಧಿಕೃತ ಸಂಘವೆಂಬ ಮಾನ್ಯತೆ ದೊರೆಯಿತು.

ಆದರೆ ಗುರುದೀಕ್ಷೆಯ ನಂತರ? 1983ರ ಧರ್ಮಸಭೆಯ ಕಾನೂನು ಸಂಹಿತೆಯ 279ನೆಯ ವಿಧಿಯಂತೆ, ಗುರುಗಳು ದೀಕ್ಷೆಯ ನಂತರವೂ ಅಧ್ಯಯನ ಮುಂದುವರಿಸಬೇಕು. ಧರ್ಮಸಭೆಯ ಅಗತ್ಯಗಳಿಗೆ ನೆರವಾಗುವುದು ವಿಶ್ವಾಸಿಗಳ ಕರ್ತವ್ಯವೆಂದು 222ನೆಯ ವಿಧಿ ತಿಳಿಸುತ್ತದೆ. ಈ ಎರಡನ್ನೂ ನಾವು ಜೊತೆಗಿಟ್ಟು ಓದುವುದು ಅಪರೂಪ. ಗುರುಗಳು ಓದಿಗೆಂದು ಕೆಲವು ತಿಂಗಳು ಹೊರಟರೆ, "ಇವರಿಗೇಕೆ ಇಷ್ಟು ರಜೆ?" ಎಂಬ ಮಾತು ಇಗರ್ಜಿಯ ಅಂಗಳದಲ್ಲೇ ಹುಟ್ಟುತ್ತದೆ.

ಓದಿಗೆ ಕೊಟ್ಟ ನೆರವು ಏನು ಫಲ ಕೊಡಬಲ್ಲದು ಎಂಬುದಕ್ಕೆ ನಮ್ಮ ಕರಾವಳಿಯಲ್ಲೇ ಒಂದು ಸಾಕ್ಷಿಯಿದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1836ರಲ್ಲಿ ಇಲ್ಲಿಗೆ ಬಂದವರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದವರು. ಅವರು ನಮ್ಮ ಸಭೆಯವರಲ್ಲ. ಆದರೆ ಜನರ ನಡುವೆ ಸೇವೆ ಮಾಡುವವನು ಆ ಜನರ ಸಾಹಿತ್ಯವನ್ನೂ ಅರಿಯಬೇಕೆಂಬ ಅವರ ನಿಲುವು ಎಲ್ಲರಿಗೂ ಪಾಠ. ಹಳೆಯ ಕನ್ನಡ ಕೃತಿಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸುವ ಅವರ ಯೋಜನೆಗೆ ನಿವೃತ್ತ ಬ್ರಿಟಿಷ್ ಅಧಿಕಾರಿ ಕಾಸಮೇಜರ್ ಹಣ ಒದಗಿಸಿದರು. ಹೀಗೆ 1848ರಿಂದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವ ಪುರಾಣ, ದಾಸರ ಪದಗಳು ಹೊರಬಂದವು. ಕೊಟ್ಟವರ ಹೆಸರನ್ನು ಹೆಚ್ಚಿನವರು ಮರೆತಿದ್ದಾರೆ. ಅದರ ಫಲ ಮಾತ್ರ ಕನ್ನಡ ನಾಡಿಗೆಲ್ಲ ದಕ್ಕಿತು.

ಅಮೆರಿಕದಲ್ಲಿ ಇಂತಹ ನೆರವಿಗೆಂದೇ ಸಂಸ್ಥೆಗಳಿವೆ. ಕೆಂಟಕಿ ರಾಜ್ಯದ ಲೂಯಿವಿಲ್ ಇನ್‌ಸ್ಟಿಟ್ಯೂಟ್, ಲಿಲ್ಲಿ ಎಂಡೋಮೆಂಟಿನ ಹಣದಿಂದ ವಿದ್ವಾಂಸರಿಗೆ ಮಾತ್ರವಲ್ಲ, ಪಾಲನಾ ಸೇವೆಯಲ್ಲಿರುವವರಿಗೂ ಅನುದಾನ ನೀಡುತ್ತ ಬಂದಿದೆ. ತಮ್ಮ ಸೇವೆಯಲ್ಲೇ ಎದುರಾದ ಪ್ರಶ್ನೆಯೊಂದನ್ನು ಕೂತು ಅಭ್ಯಸಿಸಲು ಸಮಯ ಕೊಡುವುದು ಅದರ ಉದ್ದೇಶ. ಆದರೆ ಅದು ಉತ್ತರ ಅಮೆರಿಕಕ್ಕೆ ಸೀಮಿತ. ನಮ್ಮ ಸಂಸ್ಥೆಗಳು ವಿದೇಶಿ ದೇಣಿಗೆ ಪಡೆಯಬೇಕಾದರೆ 2010ರ ಕಾಯಿದೆಯಂತೆ ನೋಂದಣಿ ಅಥವಾ ಪೂರ್ವಾನುಮತಿ ಬೇಕು. 2020ರ ತಿದ್ದುಪಡಿಯ ನಂತರ ಹಾಗೆ ಬಂದ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆದ್ದರಿಂದ ಹೊರಗಿನ ಕೈ ಕಾಯುವುದಕ್ಕಿಂತ ನಮ್ಮ ಕೈಯಲ್ಲಾಗುವುದನ್ನು ಯೋಚಿಸುವುದು ಲೇಸು.

ಅಭ್ಯಸಿಸಬೇಕಾದ ಪ್ರಶ್ನೆಗಳಿಗೆ ನಮ್ಮಲ್ಲಿ ಬರವಿಲ್ಲ. ಸಂತೆಕಟ್ಟೆ, ಕಲ್ಯಾಣಪುರದ ಸುತ್ತ ಮಕ್ಕಳೆಲ್ಲ ಗಲ್ಫಿನಲ್ಲೋ ಮುಂಬಯಿಯಲ್ಲೋ ಇದ್ದು, ದೊಡ್ಡ ಮನೆಯಲ್ಲಿ ತಂದೆತಾಯಿ ಇಬ್ಬರೇ ಜಪಸರ ಹೇಳುವ ಮನೆಗಳಿವೆ. ಅಂಥವರ ಪಾಲನೆ ಹೇಗೆ? ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಇಲ್ಲವೆ ಇಂಗ್ಲಿಷ್ ಆಡುವ ಮಗುವಿಗೆ ಧರ್ಮೋಪದೇಶ ಯಾವ ಭಾಷೆಯಲ್ಲಿ ಮನಸ್ಸಿಗಿಳಿಯುತ್ತದೆ? ಉಡುಪಿ ಧರ್ಮಪ್ರಾಂತ್ಯ 2012ರಲ್ಲಿ ಸ್ಥಾಪನೆಯಾದದ್ದು. ಇಂತಹ ಪ್ರಶ್ನೆಗಳಿಗೆ ರೋಮಿನಲ್ಲಿ ಬರೆದ ಉತ್ತರ ಸಿಗದು. ಮನೆಮನೆಗೆ ಹೋಗಿ ಕೇಳಿ, ಬರೆದು, ವಿಚಾರ ಮಾಡಬೇಕು. ದಿನವಿಡೀ ಮದುವೆ, ಮರಣ, ಶಾಲೆ, ಕಟ್ಟಡದ ಲೆಕ್ಕ ನೋಡುವ ಗುರುಗಳಿಗೆ ಅದಕ್ಕೆ ಬಿಡುವೆಲ್ಲಿ?

ಧರ್ಮಕೇಂದ್ರವೊಂದು ಸಣ್ಣ ಅಧ್ಯಯನ ನಿಧಿ ಇಡಲು ಬಯಸಿದರೆ ಕೆಲವು ವಿಷಯ ಗಮನಿಸಬೇಕು. ಮೊದಲು ಬಿಷಪರ ಒಪ್ಪಿಗೆ. ಎರಡನೆಯದು, ಅಧ್ಯಯನದ ಪ್ರಶ್ನೆ ಜನರ ಬದುಕಿನಿಂದ ಬಂದಿರಲಿ. ಮೂರನೆಯದು, ಪುಸ್ತಕ ಮತ್ತು ಪ್ರಯಾಣದ ಖರ್ಚಿನ ಜೊತೆ, ಬದಲಿಗೆ ಬರುವ ಗುರುಗಳ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ. ಬಿಡುವೇ ಇಲ್ಲದೆ ಕೊಟ್ಟ ಹಣದಿಂದ ಪ್ರಯೋಜನವಿಲ್ಲ. ನಾಲ್ಕನೆಯದು, ಲೆಕ್ಕಪತ್ರ ಹಣಕಾಸು ಸಮಿತಿಯ ಮುಂದಿರಲಿ. ಕೊನೆಯದು, ಅಧ್ಯಯನದ ಸಾರ ಜನರಿಗೆ ಹಿಂದಿರುಗಲಿ, ಅವರಾಡುವ ಭಾಷೆಯಲ್ಲೇ. ಆದರೆ ದಾನಿಗಳು ತಮಗೆ ಬೇಕಾದ ಉತ್ತರವನ್ನೇ ಬರೆಸಲು ಹೋಗಬಾರದು. ನಾವು ಕೊಡುವುದು ಸತ್ಯ ಹುಡುಕಲು, ಹೊಗಳಿಕೆ ಕೇಳಲು ಅಲ್ಲ.

ಕುಟುಂಬದಲ್ಲಿ ಚಿಂತನೆಗೆ:
1. ನಮ್ಮ ಗುರುಗಳು ಕೂತು ಅಭ್ಯಸಿಸಬೇಕು ಎನಿಸುವ ಪ್ರಶ್ನೆ ನಮ್ಮ ಮನೆಯಲ್ಲಿ ಯಾವುದಿದೆ?
2. ಗುರುಗಳು ಓದಲು ಹೋದಾಗ ಅವರು ಬಿಟ್ಟ ಯಾವ ಕೆಲಸವನ್ನು ನಾವು ವಹಿಸಿಕೊಳ್ಳಬಲ್ಲೆವು?
3. ಕಟ್ಟಡಕ್ಕೆ ಕೊಟ್ಟಷ್ಟೇ ಸಂತೋಷದಿಂದ ಅಧ್ಯಯನಕ್ಕೂ ಕೊಡಬಲ್ಲೆವೇ?